ಅಜ್ಜನ ಡಬ್ಬಿಯ ವಾಲ್ವ್‌ಗಳಿಂದ ಮೊಮ್ಮಗ ರೇಡಿಯೊ ಕಟ್ಟಬಹುದೇ?

ಪ್ರಶ್ನೆ: ನಾನು ಮಲ್ಪೆ ಸಮೀಪದ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ತೀರಿಹೋದ ನನ್ನ ತಂದೆಯವರ ಕಪಾಟು ಖಾಲಿ ಮಾಡುವಾಗ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ಹತ್ತಿಯಲ್ಲಿ ಸುತ್ತಿಟ್ಟ, ಹೆಬ್ಬೆರಳು ಗಾತ್ರದ, ಟ್ರಾನ್ಸಿಸ್ಟರ್ ಬರುವ ಮೊದಲು ರೇಡಿಯೊಗಳಲ್ಲಿ ಸಂಕೇತ ಹಿಗ್ಗಿಸುತ್ತಿದ್ದ ಐದು ಗಾಜಿನ ವಾಲ್ವ್‌ಗಳಿವೆ. ಮೂರರ ಮೇಲೆ 1ಟಿ4, ಎರಡರ ಮೇಲೆ 3ಎಸ್4 ಎಂದು ಅಚ್ಚಾಗಿದೆ. ಜೊತೆಗೆ ನಿಲಯ ಹಿಡಿಯಲು ತಿರುಗಿಸುವ ಒಂದು ಗ್ಯಾಂಗ್ ಕಂಡೆನ್ಸರ್, ಮೇಣ ಮೆತ್ತಿದ ಕೆಲವು ಕಾಗದದ ಕಂಡೆನ್ಸರ್‌ಗಳು, ಹಳೆಯ ಹೆಡ್‌ಫೋನ್, ಮತ್ತು ಅಪ್ಪ ಪೆನ್ಸಿಲ್‌ನಲ್ಲಿ ಬರೆದ ಎರಡು ವಾಲ್ವ್‌ಗಳ ರೇಡಿಯೊ ನಕ್ಷೆ. ಪ್ರಥಮ ಪಿಯುಸಿಯಲ್ಲಿರುವ ಮಗ ಅದನ್ನು ತಾನೇ ಕಟ್ಟುತ್ತೇನೆಂದು ಹಟ ಹಿಡಿದಿದ್ದಾನೆ. ನನಗೆ ಅಳುಕು. ನಕ್ಷೆಯಲ್ಲಿ 90 ವೋಲ್ಟ್ ಎಂದಿದೆ. ರೇಡಿಯೊಗೆ ಲೈಸೆನ್ಸ್ ಬೇಕು ಎಂದು ಅಣ್ಣ ಹೇಳುತ್ತಾರೆ. ವಾಲ್ವ್‌ಗಳಿಂದ ಎಕ್ಸ್‌ರೇ ಬರುತ್ತದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ರಿಪೇರಿ ಅಂಗಡಿಯವರೊಬ್ಬರು ‘ಆ ಬ್ಯಾಟರಿ ಈಗೆಲ್ಲಿ ಸಿಗುತ್ತದೆ, ಕರೆಂಟಿನಿಂದಲೇ ನಡೆಯುವಂತೆ ಮಾಡಿಕೊಡುತ್ತೇನೆ’ ಎಂದಿದ್ದಾರೆ. ಮೊನ್ನೆ ಮಗ ಒಂದು 1ಟಿ4ಕ್ಕೆ ಟಾರ್ಚಿನ ಸೆಲ್ ಜೋಡಿಸಿ ನೋಡಿದ, ಬೆಳಕೇ ಕಾಣಲಿಲ್ಲ. ಎರಡು ಸೆಲ್ ಹಾಕಿ ನೋಡಲೇ ಎಂದು ಕೇಳುತ್ತಿದ್ದಾನೆ. ಏನು ಹೇಳಲಿ?

ಉತ್ತರ: ಎರಡು ಸೆಲ್ ಹಾಕಬೇಡ ಎಂದು ಹೇಳಿ. ಉಳಿದ ಮಾತೆಲ್ಲ ಆಮೇಲೆ. ಇದನ್ನು ಇವತ್ತೇ ಹೇಳಿಬಿಡಿ.

1ಟಿ4ರೊಳಗೆ ಕಾಯುವ ತಂತಿಗೆ, ಅಂದರೆ ಫಿಲಮೆಂಟ್‌ಗೆ, ಬೇಕಾದದ್ದು 1.4 ವೋಲ್ಟ್, ಅದರಲ್ಲಿ ಹರಿಯುವುದು 50 ಮಿಲಿಆಂಪಿಯರ್. ಟಾರ್ಚ್ ಬಲ್ಬಿನ ತಂತಿ ಬೆಳಕು ಕೊಡಬೇಕು, ಆದ್ದರಿಂದ ಬೆಳ್ಳಗೆ ಉರಿಯುತ್ತದೆ. ವಾಲ್ವಿನ ತಂತಿಗೆ ಬೆಳಕು ಕೊಡುವ ಕೆಲಸವಿಲ್ಲ. ಕೂದಲಿಗಿಂತ ತೆಳುವಾದ ಆ ತಂತಿಯ ಮೈಗೆ ಬೇರಿಯಂ ಮತ್ತು ಸ್ಟ್ರಾನ್ಷಿಯಂ ಆಕ್ಸೈಡ್‌ಗಳ ಲೇಪನವಿದೆ. ಮಂದ ಕೆಂಪಿನಷ್ಟು ಕಾದರೆ ಸಾಕು, ಆ ಲೇಪನದಿಂದ ಎಲೆಕ್ಟ್ರಾನ್‌ಗಳು ಹೊರಡುತ್ತವೆ. ಆ ಕೆಂಪು ಹಗಲಿನಲ್ಲಿ ಕಾಣುವುದೇ ಇಲ್ಲ. ರಾತ್ರಿ ದೀಪ ಆರಿಸಿ, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ, ಒಳಗಿನ ಲೋಹದ ಕವಚದ ಸಂದಿನಲ್ಲಿ ಒಂದು ಎಳೆ ಕಂಡರೂ ಕಂಡೀತು, ಕಾಣದಿದ್ದರೂ ಇದ್ದೀತು. ನನ್ನ ಮೇಜಿಗೆ ಬಂದ ಸತ್ತ ಬ್ಯಾಟರಿ ವಾಲ್ವ್‌ಗಳಲ್ಲಿ ವಯಸ್ಸಾಗಿ ಸತ್ತವು ಕಡಿಮೆ. ‘ಬೆಳಕು ಬರಲಿಲ್ಲ’ ಎಂದು ವೋಲ್ಟೇಜ್ ಏರಿಸಿ ಸುಟ್ಟವೇ ಹೆಚ್ಚು.

ವಾಲ್ವ್ ಬದುಕಿದೆಯೇ ಎಂದು ತಿಳಿಯಲು ಡಿಜಿಟಲ್ ಮೀಟರ್ ಸಾಕು. ವಾಲ್ವನ್ನು ತಲೆಕೆಳಗಾಗಿ ಹಿಡಿದರೆ ಏಳು ಪಿನ್‌ಗಳ ನಡುವೆ ಒಂದು ಕಡೆ ಅಗಲವಾದ ಸಂದು ಕಾಣುತ್ತದೆ. ಅಲ್ಲಿಂದ ಗಡಿಯಾರದ ಮುಳ್ಳಿನಂತೆ ಎಣಿಸುತ್ತ ಹೋಗಬೇಕು. 1ಟಿ4ರಲ್ಲಿ 1 ಮತ್ತು 7ನೇ ಪಿನ್‌ಗಳ ನಡುವೆ ಕೆಲವು ಓಮ್ ತೋರಿಸಿದರೆ ಫಿಲಮೆಂಟ್ ಉಳಿದಿದೆ. 3ಎಸ್4ರ ಫಿಲಮೆಂಟ್‌ಗೆ ಎರಡು ಭಾಗಗಳಿವೆ, ನಡುವಿನ ತುದಿ 5ನೇ ಪಿನ್. ಅಲ್ಲಿಂದ 1ಕ್ಕೂ 7ಕ್ಕೂ ಬೇರೆಬೇರೆಯಾಗಿ ನೋಡಬೇಕು. ಇನ್ನೊಂದು ಗುರುತು ಗಾಜಿನ ಒಳಮೈಯಲ್ಲಿದೆ. ಅಲ್ಲಿರುವ ಬೆಳ್ಳಿಯ ಕಲೆ ಕನ್ನಡಿಯಂತೆ ಹೊಳೆಯುತ್ತಿದ್ದರೆ ನಿರ್ವಾತ ಉಳಿದಿದೆ ಎಂದು ಅರ್ಥ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಒಳಹೊಕ್ಕಿದೆ. ಆ ವಾಲ್ವಿನ ಆಸೆ ಬಿಡಬೇಕು.

ಒಂದು ಸಾಮಾನ್ಯ ಟಾರ್ಚ್ ಸೆಲ್‌ನಿಂದ ಇವಕ್ಕೆ ಅಪಾಯವಿಲ್ಲ. 1.2 ವೋಲ್ಟ್‌ನ ರೀಚಾರ್ಜ್ ಸೆಲ್ ಇನ್ನೂ ಒಳ್ಳೆಯದು, ಅದರ ವೋಲ್ಟೇಜ್ ಕೊನೆಯವರೆಗೆ ಹೆಚ್ಚು ಕಡಿಮೆ ಒಂದೇ ಇರುತ್ತದೆ. ಪವರ್ ಬ್ಯಾಂಕಿನೊಳಗಿನ ಲಿಥಿಯಂ ಸೆಲ್ ಮಾತ್ರ ಹತ್ತಿರ ಸುಳಿಯಬಾರದು. ಅದರ 3.7 ವೋಲ್ಟ್‌ಗೆ ಈ ತಂತಿ ಕ್ಷಣದಲ್ಲಿ ಹೋಗುತ್ತದೆ.

ಈಗ ನಿಮ್ಮ ಅಳುಕಿನ ವಿಚಾರ. ನಿಮಗೆ ಭಯ ಹುಟ್ಟಿಸಿರುವುದು ಡಬ್ಬಿಯೊಳಗಿನ ಗಾಜು ಮತ್ತು ನಕ್ಷೆಯಲ್ಲಿರುವ 90 ಎಂಬ ಅಂಕಿ. ಇಷ್ಟು ವರ್ಷ ಮಂಗಳೂರಿನಲ್ಲಿ ರೇಡಿಯೊ ರಿಪೇರಿ ಮಾಡಿ, ಹುಡುಗರಿಗೆ ಆ ಕೆಲಸ ಕಲಿಸಿದ ಮೇಲೆ ನಾನು ಹೇಳುವುದಿಷ್ಟು: ಹುಡುಗನಿಗೆ ಅಪಾಯ ತರಬಲ್ಲವು ಹೊರಗಿನಿಂದ ರೇಡಿಯೊಗೆ ಬರುವ ಎರಡು ತಂತಿಗಳು. ಒಂದು ಗೋಡೆಯ ಪ್ಲಗ್ಗಿನಿಂದ ಬರುವುದು, ಇನ್ನೊಂದು ತೆಂಗಿನ ಮರದಿಂದ ಬರುವುದು. ಎರಡನ್ನೂ ನಿಮ್ಮ ಕೈಯಲ್ಲಿ ಇಟ್ಟುಕೊಂಡು ಉಳಿದದ್ದನ್ನು ಅವನಿಗೆ ಬಿಟ್ಟುಕೊಡಬಹುದು.

ಎಕ್ಸ್‌ರೇ ಮಾತನ್ನು ಮರೆತುಬಿಡಿ. ಅದು ಹುಟ್ಟಬೇಕಾದರೆ ನಿರ್ವಾತದಲ್ಲಿ ಎಲೆಕ್ಟ್ರಾನ್‌ಗಳು ಸಾವಿರಾರು ವೋಲ್ಟ್‌ಗಳ ರಭಸದಲ್ಲಿ ಲೋಹಕ್ಕೆ ಬಡಿಯಬೇಕು. ಹಳೆಯ ಕಲರ್ ಟಿವಿಯ ಪಿಕ್ಚರ್ ಟ್ಯೂಬ್‌ಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ವೋಲ್ಟ್ ಬೇಕಾಗಿತ್ತು. ಈ ಮಾತಿನ ಮೂಲ ಅಲ್ಲಿರಬೇಕು. ನಿಮ್ಮ ಅಣ್ಣ ಹೇಳುವುದು ಅವರ ಎಳವೆಯ ಕಾಲಕ್ಕೆ ಸತ್ಯವೇ. ಆಗ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಹಣ ಕಟ್ಟಿ ರೇಡಿಯೊ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಬೇಕಾಗಿತ್ತು. ಆ ಪದ್ಧತಿ 1980ರ ದಶಕದಲ್ಲೇ ರದ್ದಾಯಿತು. ಆಕಾಶವಾಣಿ ಕೇಳುವ ರೇಡಿಯೊವನ್ನು ಮನೆಯಲ್ಲಿ ಕಟ್ಟಲು ಯಾರ ಅನುಮತಿಯೂ ಬೇಡ.

90 ವೋಲ್ಟ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬ್ಯಾಟರಿ ವಾಲ್ವ್ ರೇಡಿಯೊಗೆ ಎರಡು ಬ್ಯಾಟರಿ ಬೇಕು. ಫಿಲಮೆಂಟ್ ಕಾಯಿಸುವ ಚಿಕ್ಕ ವೋಲ್ಟೇಜಿನ ಬ್ಯಾಟರಿಗೆ ಎಲ್‌.ಟಿ., ಎಲೆಕ್ಟ್ರಾನ್‌ಗಳನ್ನು ಪ್ಲೇಟ್ ಎಂಬ ಲೋಹದ ತಗಡಿನತ್ತ ಸೆಳೆಯುವ ದೊಡ್ಡ ವೋಲ್ಟೇಜಿನ ಬ್ಯಾಟರಿಗೆ ಎಚ್‌.ಟಿ. ಎನ್ನುತ್ತೇವೆ. ಕರೆಂಟ್ ಬಾರದ ಹಳ್ಳಿಗಳಲ್ಲಿ ರೇಡಿಯೊ ಇಟ್ಟವರು ಇಟ್ಟಿಗೆಯಷ್ಟು ದೊಡ್ಡ 90 ವೋಲ್ಟ್ ಪೊಟ್ಟಣವನ್ನು ಪೇಟೆಯಿಂದ ಹೊತ್ತು ತರುತ್ತಿದ್ದರು. ಅದು ಈಗ ಸಿಗುವುದಿಲ್ಲ ಎಂಬುದು ನಿಜ, ಆದರೆ ಬೇಕಾಗಿಯೂ ಇಲ್ಲ. ಸ್ಪೀಕರಿನಲ್ಲಿ ಮನೆಮಂದಿಯೆಲ್ಲ ಕೇಳಬೇಕಾದರೆ 90 ವೋಲ್ಟ್ ಬೇಕು. ಹೆಡ್‌ಫೋನ್‌ನಲ್ಲಿ ಒಬ್ಬನೇ ಕೇಳಲು 45 ವೋಲ್ಟ್ ಧಾರಾಳ. ಎಲ್ಲ ಅಂಗಡಿಗಳಲ್ಲೂ ಸಿಗುವ 9 ವೋಲ್ಟ್‌ನ ಚೌಕ ಬ್ಯಾಟರಿಗಳು ಐದು. ಒಂದರ ಗುಂಡಿ ಇನ್ನೊಂದರ ಗುಂಡಿಗೆ ಸಿಕ್ಕಿಸುತ್ತ ಹೋದರೆ ತಂತಿಯೂ ಬೇಡ. ಎರಡೂ ವಾಲ್ವ್ ಸೇರಿ ಐದಾರು ಮಿಲಿಆಂಪಿಯರ್ ಎಳೆದಾವು. ಅಲ್ಕಲೈನ್ ಬ್ಯಾಟರಿಯಾದರೆ ದಿನಕ್ಕೊಂದು ಗಂಟೆ ಕೇಳುವವನಿಗೆ ಎರಡು ಮೂರು ತಿಂಗಳು ಬರುತ್ತದೆ.

ಒಣ ಕೈಗೆ 45 ವೋಲ್ಟ್ ಸಾಮಾನ್ಯವಾಗಿ ತಿಳಿಯುವುದೂ ಇಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಒಣ ಕೈ ಎಂಬುದು ವರ್ಷದಲ್ಲಿ ಎಷ್ಟು ದಿನ? ಬೆವರಿದ ಅಂಗೈಗೆ ಅದು ಜುಮ್ಮೆನ್ನುತ್ತದೆ, 90 ವೋಲ್ಟ್ ಆದರೆ ಕೈ ಎಳೆದುಕೊಳ್ಳುವಷ್ಟು ಹೊಡೆಯುತ್ತದೆ. ಕೈ ಒರೆಸಿಕೊಂಡು, ಬ್ಯಾಟರಿ ಬಿಚ್ಚಿಟ್ಟು, ಆಮೇಲೆ ತಂತಿ ಮುಟ್ಟುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಸಿ.

ಈ 45 ವೋಲ್ಟ್‌ನಿಂದ ನಿಜವಾದ ಕಂಟಕ ಇರುವುದು ಫಿಲಮೆಂಟ್‌ಗೆ. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಘಟ್ಟದ ಕೆಳಗಿನ ಒಂದು ಅಡಿಕೆ ತೋಟದ ಮನೆಯಿಂದ ನಾಲ್ಕು ವಾಲ್ವಿನ ಸೆಟ್ ಬಂದಿತ್ತು. ಬ್ಯಾಟರಿ ವೈರುಗಳ ಬಣ್ಣ ಮಾಸಿತ್ತು. ನಾನು ಅಂದಾಜಿನ ಮೇಲೆ ಜೋಡಿಸಿದೆ. ಸದ್ದಿಲ್ಲ, ಹೊಗೆಯಿಲ್ಲ, ನಾಲ್ಕೂ ಗಾಜುಗಳೊಳಗೆ ಒಟ್ಟಿಗೆ ಒಂದು ನೀಲಿ ಮಿಂಚು ಸುಳಿದು ಹೋಯಿತು, ಅಷ್ಟೇ. 90 ವೋಲ್ಟ್ ಹೋಗಿದ್ದು ಫಿಲಮೆಂಟ್‌ಗಳಿಗೆ. ಆ ಮನೆಯವರು ಸಂಜೆಯ ವಾರ್ತೆಗೆ ಎಂದು ಬೆಟ್ಟ ಇಳಿದು ಬಂದು ಅಂಗಡಿಯ ಬೆಂಚಿನಲ್ಲಿ ಕಾಯುತ್ತಿದ್ದರು. ಅವರ ಮುಖ ನನಗೆ ಇನ್ನೂ ನೆನಪಿದೆ. ನಾಲ್ಕು ವಾಲ್ವಿನ ಬೆಲೆ ನನ್ನ ಸಂಬಳದಿಂದ ಹೋಯಿತು.

ಅಂದಿನಿಂದ ನಾನು ಬಿಡದೆ ಪಾಲಿಸುವ ಕ್ರಮವನ್ನು ನಿಮ್ಮ ಮಗನೂ ಪಾಲಿಸಲಿ. ಎಚ್‌.ಟಿ. ಬ್ಯಾಟರಿಯ ತುದಿಯಲ್ಲೇ, ಬೇರೆ ಯಾವ ಭಾಗವೂ ಬರುವ ಮೊದಲು, 1 ಕಿಲೋ ಓಮ್‌ನ ರೆಸಿಸ್ಟರ್ ಒಂದನ್ನು ಬೆಸೆಯಬೇಕು. ಲೆಕ್ಕ ಸುಲಭ: 45 ವೋಲ್ಟನ್ನು 1000 ಓಮ್‌ನಿಂದ ಭಾಗಿಸಿದರೆ 45 ಮಿಲಿಆಂಪಿಯರ್. ಯಾವ ತಂತಿ ಯಾವುದಕ್ಕೆ ತಾಗಿದರೂ ಅದಕ್ಕಿಂತ ಹೆಚ್ಚು ಹರಿಯಲಾರದು, ಫಿಲಮೆಂಟ್ ತಾಳಿಕೊಳ್ಳುವುದು 50. ಕೈತಪ್ಪಿದರೂ ವಾಲ್ವ್ ಉಳಿಯುತ್ತದೆ. ರೇಡಿಯೊ ನಡೆಯುವಾಗ ಆ ರೆಸಿಸ್ಟರ್‌ನಲ್ಲಿ ಐದಾರು ವೋಲ್ಟ್ ಕಳೆದುಹೋಗುತ್ತದೆ; ಹೋಗಲಿ. ಮುಂದೆಂದಾದರೂ 90ಕ್ಕೆ ಏರಿಸಿದರೆ 2.2 ಕಿಲೋ ಓಮ್ ಬೇಕಾಗುತ್ತದೆ. ರೆಸಿಸ್ಟರಿನ ಆಚೆಗೆ ದೊಡ್ಡ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್ ಇಡಬಾರದು, ಅದರಲ್ಲಿ ತುಂಬಿಕೊಂಡ ವಿದ್ಯುತ್ತು ಈ ಕಾವಲನ್ನು ಕೇಳದೆ ಒಂದೇ ಏಟಿಗೆ ಫಿಲಮೆಂಟ್ ಮೇಲೆ ಬೀಳುತ್ತದೆ. ಎಲ್ಲ ವೈರಿಂಗ್ ಮುಗಿದ ಮೇಲೂ ವಾಲ್ವ್ ಸಿಕ್ಕಿಸುವ ಮೊದಲು ಖಾಲಿ ಸಾಕೆಟ್‌ನಲ್ಲಿ ಫಿಲಮೆಂಟ್ ಪಿನ್‌ಗಳ ವೋಲ್ಟೇಜ್ ಅಳೆಯಬೇಕು. ಒಂದೂವರೆ ವೋಲ್ಟ್ ಆಸುಪಾಸು ಬಿಟ್ಟು ಬೇರೆ ಏನು ಬಂದರೂ ವಾಲ್ವ್ ಡಬ್ಬಿಯಲ್ಲೇ ಇರಲಿ.

ರಿಪೇರಿ ಅಂಗಡಿಯವರ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಕರೆಂಟಿನಿಂದ ನಡೆಯುವ ಸಪ್ಲೈ ಕಟ್ಟುವಾಗ ಟ್ರಾನ್ಸ್‌ಫಾರ್ಮರ್ ಉಳಿಸಲು ನೇರ 230 ವೋಲ್ಟ್‌ನಿಂದ ರೆಸಿಸ್ಟರ್ ಮೂಲಕ ಇಳಿಸುವ ಕೆಟ್ಟ ಚಾಳಿ ಇವತ್ತಿಗೂ ಇದೆ. ಅಂಥ ಸೆಟ್ಟಿನ ಲೋಹದ ತಳವಾದ ಚಾಸಿಯೇ ಫೇಸ್‌ಗೆ ಸೇರಿರಬಹುದು. ಹಳೆಯ ಹೆಡ್‌ಫೋನ್‌ಗಳನ್ನು ಪ್ಲೇಟ್ ದಾರಿಯಲ್ಲೇ ಜೋಡಿಸುತ್ತಿದ್ದರು, ಅಂದರೆ ಎಚ್‌.ಟಿ. ತಲೆಯ ಮೇಲೆಯೇ ಕುಳಿತಿರುತ್ತದೆ. ಲೋಹದ ಪಟ್ಟಿ, ಬಿರುಕುಬಿಟ್ಟ ಬೇಕಲೈಟ್, ಬೆವರಿದ ಕಿವಿ, ಅದರ ಹಿಂದೆ ಗೋಡೆಯ ಕರೆಂಟು: ಈ ಸಾಲನ್ನು ನಾನು ಯಾವ ಮನೆಯಲ್ಲೂ ನೋಡಲು ಇಷ್ಟಪಡುವುದಿಲ್ಲ. ಆನ್‌ಲೈನ್‌ನಲ್ಲಿ ಸಿಗುವ, 5 ವೋಲ್ಟನ್ನು 90ಕ್ಕೆ ಏರಿಸುವ ಚಿಕ್ಕ ಬೋರ್ಡ್‌ಗಳಲ್ಲಿ ಅಷ್ಟು ಅಪಾಯವಿಲ್ಲ, ಆದರೆ ಅವು ಮಧ್ಯಮ ತರಂಗದ ಉದ್ದಕ್ಕೂ ಜೀರುಂಡೆಯಂತೆ ಕಿರುಗುಡುತ್ತವೆ. ಕೇಳಬೇಕಾದ ನಿಲಯ ಆ ಸದ್ದಿನಡಿ ಮುಳುಗಿಹೋಗುತ್ತದೆ. ಮೊಬೈಲ್ ಚಾರ್ಜರಿನ ಕಥೆಯೂ ಅದೇ. ಬ್ಯಾಟರಿಯಲ್ಲೇ ನಡೆಸಿ.

ಬ್ಯಾಟರಿಯಾದರೂ ಹೆಡ್‌ಫೋನನ್ನು ಎಚ್‌.ಟಿ.ಯಿಂದ ದೂರವಿಡುವುದು ಒಳ್ಳೆಯದು. ಅದಕ್ಕೊಂದು ಉಪಾಯವಿದೆ. 230 ವೋಲ್ಟ್‌ನಿಂದ 12 ವೋಲ್ಟ್‌ಗೆ ಇಳಿಸುವ ಅತಿ ಚಿಕ್ಕ ಟ್ರಾನ್ಸ್‌ಫಾರ್ಮರ್ ತೆಗೆದುಕೊಂಡು, ಅದರ 230ರ ಬದಿಯನ್ನು 3ಎಸ್4ರ ಪ್ಲೇಟ್‌ಗೂ ಎಚ್‌.ಟಿ.ಗೂ ನಡುವೆ, 12ರ ಬದಿಯನ್ನು ಈಗಿನ ಸಾಮಾನ್ಯ 32 ಓಮ್ ಇಯರ್‌ಫೋನ್‌ಗೆ ಜೋಡಿಸಬೇಕು. ಸುರುಳಿಗಳ ಪ್ರಮಾಣ ಸುಮಾರು 19. ಅದರ ವರ್ಗವನ್ನು 32ರಿಂದ ಗುಣಿಸಿದರೆ ಹತ್ತಿರ ಹತ್ತಿರ 12 ಕಿಲೋ ಓಮ್. ವಾಲ್ವ್ ಬಯಸುವ ಹೊರೆಗೆ ಇದು ಚೆನ್ನಾಗಿಯೇ ಹೊಂದುತ್ತದೆ. ಆ ಟ್ರಾನ್ಸ್‌ಫಾರ್ಮರಿಗೆ ಪ್ಲಗ್ ಇದ್ದರೆ ಮೊದಲೇ ಕತ್ತರಿಸಿ ಬಿಸಾಡಿ, ಯಾರಾದರೂ ಮರೆತು ಗೋಡೆಗೆ ಚುಚ್ಚಬಾರದು.

ಬೆಸುಗೆ ಕಡ್ಡಿ ಕೈಗೆತ್ತಿಕೊಳ್ಳುವ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಕಟ್ಟಿದ ರೇಡಿಯೊದಲ್ಲಿ ಏನು ಕೇಳುತ್ತದೆ? ಈಗ ಮನೆಗಳಲ್ಲಿ ಕೇಳುವುದು ಎಫ್‌.ಎಂ. ಅದು ಈ ರೇಡಿಯೊಗೆ ನಿಲುಕುವುದಿಲ್ಲ. ಇದು ಮಧ್ಯಮ ತರಂಗದ ಯಂತ್ರ, ಸುರುಳಿ ಬದಲಿಸಿದರೆ ಕಿರುತರಂಗಕ್ಕೂ ಆದೀತು. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ಬ್ರಹ್ಮಾವರದ ಪ್ರಸಾರ ಕೇಂದ್ರದ 1089 ಕಿಲೋಹರ್ಟ್ಸ್ ನಮ್ಮ ಕರಾವಳಿಯ ಮನೆಮನೆಯ ಮುಳ್ಳು ನಿಲ್ಲುವ ಜಾಗವಾಗಿತ್ತು. ಕತ್ತಲಾದ ಮೇಲೆ ಬೆಂಗಳೂರಿನ 612, ಧಾರವಾಡದ 765, ಕೋಝಿಕ್ಕೋಡಿನ 684 ಬಂದು ಸೇರುತ್ತಿದ್ದವು. ರಾತ್ರಿ ಮೇಲಿನ ಅಯಾನುಗೋಲ ಈ ತರಂಗಗಳನ್ನು ಹಿಂದಕ್ಕೆ ಬಾಗಿಸುವುದರಿಂದ ದೂರದವು ಹತ್ತಿರವಾಗುತ್ತವೆ. ಈಗ ದೇಶದ ಮಧ್ಯಮ ತರಂಗದ ಹಳೆಯ ಕೇಂದ್ರಗಳು ಒಂದೊಂದಾಗಿ ಮುಚ್ಚುತ್ತಿವೆ. ಆದ್ದರಿಂದ ಮೊದಲು ಒಂದು ಸಾಮಾನ್ಯ ಟ್ರಾನ್ಸಿಸ್ಟರ್ ರೇಡಿಯೊವನ್ನು ಯಾರಿಂದಲಾದರೂ ಕೇಳಿ ತನ್ನಿ. ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿ, ಒಮ್ಮೆ ಬೆಳಗ್ಗೆ, ಒಮ್ಮೆ ರಾತ್ರಿ ಎಂಟರ ಮೇಲೆ, ಮುಳ್ಳನ್ನು ಕೊನೆಯಿಂದ ಕೊನೆಗೆ ತಿರುಗಿಸಿ ಏನೇನು ಬರುತ್ತದೆ ಎಂದು ಮಗ ಬರೆದಿಟ್ಟುಕೊಳ್ಳಲಿ. ಆಮೇಲೆ ಸ್ವಿಚ್ ಹಾಕಿ ಮತ್ತೆ ಕೇಳಲಿ. ಎಲ್‌ಇಡಿ ಬಲ್ಬ್ ಮತ್ತು ಇನ್ವರ್ಟರ್ ಎಷ್ಟು ಗದ್ದಲ ಎಬ್ಬಿಸುತ್ತವೆ ಎಂಬುದು ಅವನಿಗೇ ತಿಳಿಯುತ್ತದೆ. ಆ ಪಟ್ಟಿ ಕೈಯಲ್ಲಿದ್ದರೆ, ಮುಂದೆ ತನ್ನ ರೇಡಿಯೊ ಮೌನವಾಗಿದ್ದಾಗ ತಪ್ಪು ರೇಡಿಯೊದ್ದೋ ಆಕಾಶದ್ದೋ ಎಂದು ತಡಕಾಡಬೇಕಿಲ್ಲ.

ನಿಮ್ಮ ತಂದೆಯವರ ನಕ್ಷೆಯನ್ನು ನಾನು ನೋಡಿಲ್ಲ. ಆದರೆ ಎರಡು ವಾಲ್ವ್, ಒಂದು 1ಟಿ4, ಒಂದು 3ಎಸ್4 ಎಂದರೆ ಅದು ಬಹುತೇಕ ರಿಯಾಕ್ಷನ್ ರೇಡಿಯೊ. ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1914ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ವಾಲ್ವ್ ಹಿಗ್ಗಿಸಿದ ಸಂಕೇತದ ಒಂದು ಪಾಲನ್ನು ಇನ್ನೊಂದು ಚಿಕ್ಕ ಸುರುಳಿಯ ಮೂಲಕ ಮತ್ತೆ ಮೊದಲಿಗೇ ಉಣಿಸುವುದು. ಅದೇ ವಾಲ್ವ್ ಅದೇ ಸಂಕೇತವನ್ನು ಮತ್ತೆ ಮತ್ತೆ ಹಿಗ್ಗಿಸುತ್ತದೆ. ಒಂದು ವಾಲ್ವ್ ಮೂರು ವಾಲ್ವಿನ ಕೆಲಸ ಮಾಡುವುದು ಹೀಗೆ.

ಕೈಕೆಲಸದ ಸೊಗಸೆಲ್ಲ ಸುರುಳಿಯಲ್ಲಿದೆ. ಕೃಷಿಗೆ ಬಳಸುವ 50 ಮಿಲಿಮೀಟರ್ ಪಿವಿಸಿ ಪೈಪಿನ ಗೇಣುದ್ದದ ತುಂಡು ಬೇಕು. ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಯಲ್ಲಿ 28 ಗೇಜಿನ ಎನಾಮೆಲ್ ತಂತಿ ಕೇಳಿದರೆ ತೂಕಕ್ಕೆ ಕೊಡುತ್ತಾರೆ. ನಿಮ್ಮ ಗ್ಯಾಂಗ್ 500 ಪಿಕೊಫ್ಯಾರಡ್‌ನದ್ದಾದರೆ ಸುಮಾರು 60 ಸುತ್ತು, 365ರದ್ದಾದರೆ 70. ತಂತಿಯ ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ, ಎಳೆತ ಸಡಿಲವಾಗದಂತೆ ಪೈಪನ್ನು ತಿರುಗಿಸುತ್ತ ಕಿಟಕಿಯತ್ತ ನಡೆಯಬೇಕು. ಸುತ್ತುಗಳು ಒಂದಕ್ಕೊಂದು ಒತ್ತಿ ಕೂತಾಗ ತಾಮ್ರ ರೇಷ್ಮೆ ಸೀರೆಯ ಅಂಚಿನಂತೆ ಮಿನುಗುತ್ತದೆ. ಮಧ್ಯದಲ್ಲಿ ಯಾರೂ ಮಾತನಾಡಿಸಬಾರದು, ಎಣಿಕೆ ತಪ್ಪುತ್ತದೆ. ಅರ್ತ್ ತುದಿಯಿಂದ ಅರ್ಧ ಸೆಂಟಿಮೀಟರ್ ಬಿಟ್ಟು, ಅದೇ ದಿಕ್ಕಿನಲ್ಲಿ 15ರಿಂದ 20 ಸುತ್ತಿನ ರಿಯಾಕ್ಷನ್ ಸುರುಳಿ.

ಉಳಿದದ್ದು ಕಡಿಮೆಯೇ. 1ಟಿ4ರೊಳಗೆ ಸಂಕೇತ ತಲುಪುವ ಜಾಲರಿಗೆ, ಅಂದರೆ ಗ್ರಿಡ್‌ಗೆ, 100 ಪಿಕೊಫ್ಯಾರಡ್ ಕಂಡೆನ್ಸರ್, ಗ್ರಿಡ್‌ನಿಂದ ಫಿಲಮೆಂಟಿನ ಧನ ತುದಿಯಾದ 7ನೇ ಪಿನ್‌ಗೆ 2.2 ಮೆಗಾ ಓಮ್. ಗ್ರಿಡ್‌ಗೂ ಪ್ಲೇಟಿಗೂ ನಡುವಿನ ಇನ್ನೊಂದು ಜಾಲರಿಯಾದ ಸ್ಕ್ರೀನಿನ ವೋಲ್ಟೇಜ್ ಹೆಚ್ಚು ಕಡಿಮೆ ಮಾಡಲು 100 ಕಿಲೋ ಓಮ್‌ನ ವಾಲ್ಯೂಮ್ ಕಂಟ್ರೋಲ್, ಅದರ ನಡುತುದಿಯಿಂದ ಅರ್ತ್‌ಗೆ 0.1 ಮೈಕ್ರೊಫ್ಯಾರಡ್. 3ಎಸ್4ರ ಫಿಲಮೆಂಟ್‌ನಲ್ಲಿ 1 ಮತ್ತು 7ನ್ನು ಸೇರಿಸಿ ಧನಕ್ಕೆ, 5ನ್ನು ಋಣಕ್ಕೆ ಕೊಟ್ಟರೆ ಅದೂ 1.4 ವೋಲ್ಟ್‌ನಲ್ಲೇ ನಡೆಯುತ್ತದೆ, ಆದರೆ 100 ಮಿಲಿಆಂಪಿಯರ್ ಎಳೆಯುತ್ತದೆ. ಅದರ ಗ್ರಿಡ್‌ಗೆ ಋಣ 4.5 ವೋಲ್ಟ್‌ನ ಬಯಾಸ್, ಅಂದರೆ ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ಸ್ಥಿರ ವೋಲ್ಟೇಜ್, ಬೇಕು. ಮೂರು ಚಿಕ್ಕ ಸೆಲ್‌ಗಳ ಒಂದು ಪೊಟ್ಟಣ ಸಾಕು. ಅದರಿಂದ ವಿದ್ಯುತ್ತು ಹರಿಯುವುದೇ ಇಲ್ಲವಾದ್ದರಿಂದ ಆ ಸೆಲ್‌ಗಳು ವರ್ಷಗಟ್ಟಲೆ ಇರುತ್ತವೆ. ಬಯಾಸ್ ಮರೆತವರ ಎಚ್‌.ಟಿ. ಬ್ಯಾಟರಿ ಬೇಗ ಖಾಲಿಯಾಗುತ್ತದೆ.

ಮೊದಲ ಸಲ ಜೋಡಿಸಿದ ಮೇಲೆ ಸ್ಕ್ರೀನ್ ಕಂಟ್ರೋಲನ್ನು ಸೊನ್ನೆಯಿಂದ ಮೆಲ್ಲನೆ ಏರಿಸುತ್ತ ಹೋಗಬೇಕು. ಎಲ್ಲೋ ಒಂದು ಕಡೆ, ಸುಮಾರು 15ರಿಂದ 25 ವೋಲ್ಟ್ ನಡುವೆ, ಇಯರ್‌ಫೋನ್‌ನಲ್ಲಿ ದೂರದ ಮಳೆಯಂಥ ಸುಯ್ಯೆನ್ನುವ ಸದ್ದು ದಟ್ಟವಾಗುತ್ತದೆ. ಅದರಾಚೆ ಹೋದರೆ ಶಿಳ್ಳೆ. ಆ ಅಂಚಿಗೆ ಒಂದು ಕೂದಲೆಳೆ ಹಿಂದೆ ನಿಲ್ಲಿಸಿ ಗ್ಯಾಂಗ್ ತಿರುಗಿಸಿದಾಗ ನಿಲಯ ಬಂದು ಕೂರುತ್ತದೆ. ಶಿಳ್ಳೆ ಹೊಡೆಯುವಾಗ ನಿಮ್ಮ ರೇಡಿಯೊವೇ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಆಗಿ ಅಕ್ಕಪಕ್ಕದವರ ರೇಡಿಯೊ ಕೆಡಿಸುತ್ತದೆ, ಅಲ್ಲಿ ತುಂಬಾ ಹೊತ್ತು ಬಿಡಬಾರದು. ಎಷ್ಟು ಏರಿಸಿದರೂ ಸುಯ್ ಸದ್ದೇ ಬಾರದಿದ್ದರೆ ನೂರಕ್ಕೆ ತೊಂಬತ್ತು ಸಲ ಕಾರಣ ಒಂದೇ: ರಿಯಾಕ್ಷನ್ ಸುರುಳಿಯ ಎರಡು ತುದಿಗಳು ಅದಲುಬದಲಾಗಿವೆ. ಬದಲಿಸಿ ನೋಡಲಿ.

ಡಬ್ಬಿಯಲ್ಲಿರುವ ಕಾಗದದ ಕಂಡೆನ್ಸರ್‌ಗಳನ್ನು ನೆನಪಿಗೆ ಇಟ್ಟುಕೊಳ್ಳಿ, ರೇಡಿಯೊಗೆ ಹಾಕಬೇಡಿ. ನಮ್ಮ ಉಪ್ಪುಗಾಳಿಯಲ್ಲಿ ಹತ್ತಾರು ಮಳೆಗಾಲ ಕಂಡ ಕಾಗದ ತೇವ ಹೀರಿ ಸೋರಲು ಶುರುಮಾಡಿರುತ್ತದೆ. 1ಟಿ4ರ ಪ್ಲೇಟಿನಿಂದ 3ಎಸ್4ರ ಗ್ರಿಡ್‌ಗೆ ಹೋಗುವ ಕಂಡೆನ್ಸರ್ ಸೋರಿದರೆ ಗ್ರಿಡ್‌ಗೆ ಧನ ವೋಲ್ಟೇಜ್ ಬಂದು ಆ ವಾಲ್ವ್ ಸವೆದುಹೋಗುತ್ತದೆ. ಅಲ್ಲಿ 0.01 ಮೈಕ್ರೊಫ್ಯಾರಡ್‌ನ ಹೊಸ ಪ್ಲಾಸ್ಟಿಕ್ ಫಿಲ್ಮ್ ಕಂಡೆನ್ಸರ್ ಹಾಕಬೇಕು. ತೇವದ ಇನ್ನೊಂದು ಕಾಟ ಸೂಕ್ಷ್ಮವಾದದ್ದು. ಜುಲೈ ತಿಂಗಳಲ್ಲಿ ‘ನಿನ್ನೆ ಹಾಡುತ್ತಿತ್ತು, ಇವತ್ತು ಇಲ್ಲ’ ಎಂದು ಬರುವವರ ಸೆಟ್ಟಿನಲ್ಲಿ ಬೂಷ್ಟು ಹಿಡಿದ ಬೇಕಲೈಟ್ ಸಾಕೆಟ್ಟೇ 2.2 ಮೆಗಾ ಓಮ್‌ಗೆ ಪಕ್ಕದಾರಿಯಾಗಿರುತ್ತದೆ. ಪಿಂಗಾಣಿ ಸಾಕೆಟ್ ಸಿಕ್ಕಿದರೆ ಅದನ್ನೇ ಬಳಸಿ. ಬೆಸುಗೆಯ ಮೇಣವನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿಸಿ, ಸುರುಳಿಯ ಮೇಲೆ ಕರಗಿಸಿದ ಮೇಣದ ಬತ್ತಿಯ ಒಂದು ತೆಳು ಲೇಪ ಕೊಡಿ. ಕೇಳದಾಗ ರೇಡಿಯೊವನ್ನು ಮಳೆಗಾಲದ ಹಪ್ಪಳ ತುಂಬಿಡುವಂಥ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ.

ಇನ್ನು ತೆಂಗಿನ ಮರದಿಂದ ಬರುವ ತಂತಿ. ಏರಿಯಲ್ ಉದ್ದವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಈ ರೇಡಿಯೊದ ಮಟ್ಟಿಗೆ ತಪ್ಪು. ಉದ್ದ ತಂತಿ ಸುರುಳಿಯ ಶಕ್ತಿಯನ್ನು ಹೀರಿ ರಿಯಾಕ್ಷನ್ ಬಾರದಂತೆ ಮಾಡುತ್ತದೆ, ನಿಲಯಗಳನ್ನು ಒಂದರ ಮೇಲೊಂದು ಪೇರಿಸುತ್ತದೆ. ಹತ್ತು ಮೀಟರ್ ಸಾಕು, ಅದನ್ನೂ 50 ಪಿಕೊಫ್ಯಾರಡ್‌ನ ಚಿಕ್ಕ ಕಂಡೆನ್ಸರ್ ಮೂಲಕ ಜೋಡಿಸಬೇಕು. ಅರ್ತ್ ಚೆನ್ನಾಗಿದ್ದರೆ ತಂತಿಯ ಉದ್ದ ಇನ್ನೂ ಕಡಿಮೆ ಸಾಕು. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ತ್‌ಗೆ ಒಗ್ಗುವುದಿಲ್ಲ. ಬಚ್ಚಲ ನೀರು ಹರಿದುಹೋಗುವ ಬಾಳೆಬುಡ ಇದ್ದರೆ ಅಲ್ಲಿ ಒಂದು ಮೀಟರ್ ಕೊಳವೆ ಹೊಡೆಯಿರಿ, ವರ್ಷವಿಡೀ ಹಸಿಯಾಗಿರುವ ಜಾಗ ಅದೊಂದೇ. ಮನೆಯ ವೈರಿಂಗಿನ ಅರ್ತ್ ತಂತಿಗೆ ಮಾತ್ರ ಕೈ ಹಾಕಬೇಡಿ.

ಆದರೂ ಹೊರಗಿನ ಏರಿಯಲ್ ಎಂದರೆ ಸಿಡಿಲಿಗೆ ತೆರೆದಿಟ್ಟ ಬಾಗಿಲು. ನಮ್ಮಲ್ಲಿ ಜೂನ್ ಜುಲೈನ ಜಡಿಮಳೆಗಿಂತ ಏಪ್ರಿಲ್ ಮೇ ತಿಂಗಳ ಸಂಜೆಗಳು ಮತ್ತು ಅಕ್ಟೋಬರ್ ಹೆಚ್ಚು ಅಪಾಯದವು. ಹುಡುಗರಿಗೆ ರಜೆ ಇರುವುದೂ ಆಗಲೇ. ತೆಂಗಿನ ಮರಕ್ಕೆ ಸಿಡಿಲು ಬಡಿಯುವುದನ್ನು ನೀವೂ ಕಂಡಿರುತ್ತೀರಿ. ಆ ಮರಕ್ಕೆ ಕಟ್ಟಿದ ತಾಮ್ರದ ತಂತಿಯ ಇನ್ನೊಂದು ತುದಿ ಮಗನ ಕಿವಿಯಲ್ಲಿರಬಾರದು. ನನ್ನ ಸಲಹೆ ಇದು: ಮೊದಲ ವರ್ಷ ಹೊರಗೆ ತಂತಿ ಕಟ್ಟುವುದೇ ಬೇಡ. ಕೋಣೆಯೊಳಗೆ, ಮಾಡಿನ ಪಕ್ಕಾಸಿಗೆ ಸಮನಾಗಿ ಎಳೆದ ತಂತಿಯಿಂದ ಏನು ಸಿಗುತ್ತದೋ ಅಷ್ಟನ್ನೇ ಕೇಳಲಿ. ಮುಂದೆ ಹೊರಗೆ ಕಟ್ಟಿದರೂ ಕೇಳಿ ಮುಗಿದ ಕೂಡಲೇ ತಂತಿಯನ್ನು ರೇಡಿಯೊದಿಂದ ಬಿಚ್ಚಿ, ಕಿಟಕಿಯ ಹೊರಗೇ ಅರ್ತ್‌ಗೆ ಸೇರಿಸಿಡಬೇಕು. ಸ್ವಿಚ್ ಆರಿಸಿದ್ದೇನೆ ಎಂದರೆ ಸಾಲದು, ಆಕಾಶದಿಂದ ಇಳಿದು ಬಂದದ್ದಕ್ಕೆ ಸ್ವಿಚ್ಚಿನ ಸಂದು ಲೆಕ್ಕಕ್ಕಿಲ್ಲ. ಗುಡುಗು ಕಿವಿಗೆ ಬೀಳುವ ಮೊದಲೇ ಈ ರೇಡಿಯೊದಲ್ಲಿ ಕಡಕ್ ಕಡಕ್ ಎಂಬ ಸದ್ದು ಬರುತ್ತದೆ. ಅದು ಕೇಳಿದ ಕೂಡಲೇ ಇಯರ್‌ಫೋನ್ ತೆಗೆದಿಟ್ಟು ಏಳಬೇಕು, ಆ ಹೊತ್ತಿನಲ್ಲಿ ತಂತಿ ಬಿಚ್ಚಲೂ ಹೋಗಬಾರದು. ಈ ಒಂದು ನಿಯಮದಲ್ಲಿ ರಿಯಾಯಿತಿ ಕೊಡಬೇಡಿ.

ಬಂದ ತರಂಗವನ್ನು ಒಂದು ನಿಶ್ಚಿತ ಆವರ್ತನಕ್ಕೆ ಬದಲಿಸಿ ಹಿಗ್ಗಿಸುವ ನಾಲ್ಕು ವಾಲ್ವಿನ ಸೂಪರ್‌ಹೆಟ್ ಕಟ್ಟಬಹುದಲ್ಲ ಎಂದು ಅವನು ಕೇಳಿಯಾನು. ಆ ಸೆಟ್ ಸುಲಭವಾಗಿ ನಿಲಯ ಹಿಡಿಯುತ್ತದೆ ನಿಜ. ಆದರೆ ಅದನ್ನು ಹೊಂದಿಸಲು ಸಿಗ್ನಲ್ ಜನರೇಟರ್ ಬೇಕು, 455 ಕಿಲೋಹರ್ಟ್ಸ್‌ನ ಟ್ರಾನ್ಸ್‌ಫಾರ್ಮರ್‌ಗಳು ಬೇಕು, ಇನ್ನೆರಡು ಬಗೆಯ ವಾಲ್ವ್ ಬೇಕು. ಮೊದಲ ಕೆಲಸಕ್ಕೆ ಅದು ಬೇಡ. ನಾನಾಗಿದ್ದರೆ 3ಎಸ್4ನ್ನೂ ಮೊದಲಿಗೆ ಬದಿಗಿಟ್ಟು, ಒಂದೇ 1ಟಿ4ರ ರೇಡಿಯೊ ಮಾಡಿಸುತ್ತೇನೆ. ಅದರ ಪ್ಲೇಟಿನ ದಾರಿಯಲ್ಲಿ ನಿಮ್ಮ ತಂದೆಯವರ ಹೆಚ್ಚು ಓಮಿನ ಹಳೆಯ ಹೆಡ್‌ಫೋನ್ ಹಾಕಿ ಕೇಳಬಹುದು. ಆಗ ಎರಡೋ ಮೂರೋ 9 ವೋಲ್ಟ್ ಬ್ಯಾಟರಿಯೇ ಸಾಕಾಗುತ್ತದೆ, ಅಂದರೆ 27 ವೋಲ್ಟ್ ಮೀರುವುದಿಲ್ಲ, ತಲೆಯ ಮೇಲೆ ಎಚ್‌.ಟಿ. ಇದ್ದರೂ ಭಯವಿಲ್ಲ. ಅದು ಹಾಡಿದ ಮೇಲೆ ಎರಡನೆಯ ವಾಲ್ವ್, 45 ವೋಲ್ಟ್, ಟ್ರಾನ್ಸ್‌ಫಾರ್ಮರ್.

ಸಾಕೆಟ್ ಮತ್ತು ಬಿಡಿಭಾಗಗಳಿಗೆ ಮಂಗಳೂರಿನ ಹಂಪನಕಟ್ಟೆ ಸುತ್ತಿನ ಹಳೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಒಮ್ಮೆ ವಿಚಾರಿಸಿ, ಇಲ್ಲವಾದರೆ ಬೆಂಗಳೂರಿನ ಎಸ್‌.ಪಿ. ರಸ್ತೆ. ಗುಜರಿ ಅಂಗಡಿಗೆ ಬರುವ ಕೆಟ್ಟ ವಾಲ್ವ್ ರೇಡಿಯೊಗಳಿಂದಲೂ ಏಳು ಪಿನ್ನಿನ ಸಾಕೆಟ್ ಬಿಚ್ಚಿಕೊಳ್ಳಬಹುದು. ವಾಲ್ವ್ ಹುಡುಕುವಾಗ ಹೆಸರು ಬೇರೆಯಾದರೂ ಬಿಡಬೇಡಿ: ಯುರೋಪಿನ ಡಿಎಫ್91 ಎಂದರೆ 1ಟಿ4, ಡಿಎಲ್92 ಎಂದರೆ 3ಎಸ್4. ಡಿಎಫ್96 ಮಾತ್ರ ಅರ್ಧ ಕರೆಂಟಿನದು, 25 ಮಿಲಿಆಂಪಿಯರ್. ಅದನ್ನು ಹಾಕಿದರೆ ಮೇಲೆ ಹೇಳಿದ 1 ಕಿಲೋ ಓಮಿನ ಕಾವಲು ಸಾಲದು, 2.2 ಕಿಲೋ ಓಮ್ ಬೇಕು. ನಮ್ಮ ಬೆಂಗಳೂರಿನ ಬಿಇಎಲ್ ಕೂಡ 1961ರಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸಿತ್ತು. ಹಳೆಯ ಅಂಗಡಿಗಳ ಅಟ್ಟದಲ್ಲಿ ಆ ಮುದ್ರೆಯ ಪೆಟ್ಟಿಗೆಗಳು ಈಗಲೂ ಸಿಗುವುದುಂಟು.

ಐದು ವಾಲ್ವ್‌ಗಳಲ್ಲಿ ಒಂದು 1ಟಿ4, ಒಂದು 3ಎಸ್4 ಹೊರಗೆ ಬರಲಿ. ಉಳಿದ ಮೂರು ಅದೇ ಹತ್ತಿಯಲ್ಲಿ ಅದೇ ಡಬ್ಬಿಯಲ್ಲಿರಲಿ. ಪಿನ್ ಸೊಟ್ಟಗಿದ್ದರೆ ಇಕ್ಕಳದಿಂದ ತಿದ್ದಲು ಹೋಗಬೇಡಿ, ಬುಡದ ಗಾಜು ಸೀಳುತ್ತದೆ. ಸಾಕೆಟ್‌ಗೆ ಹೋಗುವಷ್ಟು ನೇರವಿದ್ದರೆ ಸಾಕು. ಪಿನ್ ಮೇಲಿನ ಕಪ್ಪನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲನೆ ಉಜ್ಜಿ ತೆಗೆಯಬಹುದು, ಆದರೆ ಗಾಜಿನ ಮೇಲಿನ ಅಚ್ಚಿಗೆ ಸ್ಪಿರಿಟ್ ತಾಗಿಸಬೇಡಿ, ಅಕ್ಷರ ಅಳಿಸಿಹೋಗುತ್ತದೆ. ಪೆನ್ಸಿಲ್ ನಕ್ಷೆಯ ಜೆರಾಕ್ಸ್ ಮಾಡಿಸಿ ಬೆಸುಗೆ ಮೇಜಿಗೆ ಪ್ರತಿಯನ್ನಷ್ಟೇ ಕೊಡಿ. ಇನ್ನೊಂದು ಪ್ರತಿಯನ್ನು ನನಗೆ ಕಳುಹಿಸಿ, ನಾನು ಹೇಳಿದ್ದಕ್ಕೂ ನಿಮ್ಮ ತಂದೆಯವರು ಬರೆದದ್ದಕ್ಕೂ ಎಲ್ಲಿ ವ್ಯತ್ಯಾಸವಿದೆ ಎಂದು ನೋಡಿ ಬರೆಯುತ್ತೇನೆ. ಅವರ ಸುತ್ತಿನ ಎಣಿಕೆ ನನ್ನದಕ್ಕಿಂತ ಬೇರೆ ಇದ್ದರೆ ಅವರದ್ದನ್ನೇ ಮೊದಲು ಸುತ್ತಿಸಿ. ಆ ಗ್ಯಾಂಗ್ ಅವರ ಕೈಯಲ್ಲಿ ಇದ್ದದ್ದು.